ಮೊದಲು ಗಡಿಯಾರ ನೋಡಿ

ಕೇಳುಗರಿಗೆ ನಮಸ್ಕಾರ. ಮೂರ್ಛೆರೋಗ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಇವತ್ತು ಹೇಳುವುದು ಒಂದೇ ಮಾತು: ಫಿಟ್ಸ್ ಶುರುವಾದ ಕೂಡಲೇ ಗಡಿಯಾರ ನೋಡಿ.

ಅಡಿಕೆ ಸುಗ್ಗಿಯ ಒಂದು ರಾತ್ರಿ ಅಂದುಕೊಳ್ಳಿ. ತೀರ್ಥಹಳ್ಳಿ ಕಡೆಯ ಮನೆಯಂಗಳ, ಹತ್ತಾರು ಜನ ಅಡಿಕೆ ಸುಲಿಯುತ್ತ ಕೂತಿದ್ದಾರೆ. ಒಬ್ಬಾಕೆ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ ಹೂಡಿದ ಮಣೆ) ಮೇಲಿಂದಲೇ ಪಕ್ಕಕ್ಕೆ ಉರುಳಿದಳು. ಮೈ ಸೆಟೆಯಿತು, ಕೈಕಾಲು ಅದುರತೊಡಗಿದವು. ಒಬ್ಬರು ಓಡಿಬಂದು ಮುಷ್ಟಿಗೆ ಬೀಗದ ಕೈ ತುರುಕಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ಇಟ್ಟರು. ಎರಡು ನಿಮಿಷಕ್ಕೆ ನಿಂತಿತು. ಹೆಸರು ಬಂದದ್ದು ಬೀಗದ ಕೈಗೆ! ಹೆಚ್ಚಿನ ಫಿಟ್ಸ್ ಒಂದೆರಡು, ಹೆಚ್ಚೆಂದರೆ ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ ಸ್ವಾಮಿ, ಕಬ್ಬಿಣ ಇರಲಿ, ಬಿಡಲಿ. ಚಮಚದಿಂದ ಹಲ್ಲು ಮುರಿಯುತ್ತದೆ. ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದುಮಿ ಹಿಡಿದರೆ ಭುಜದ ಕೀಲು ತಪ್ಪುತ್ತದೆ.

ಅಲ್ಲಿ ಮಾಡಬೇಕಾದ್ದು ಬೇರೆ. ಮೆಟ್ಟುಗತ್ತಿ ಆಚೆ ಎಳೆಯಿರಿ. ಅಡಿಕೆ ಬೇಯುವ ಹಂಡೆ ಹತ್ತಿರವಿದ್ದರೆ ಆಕೆಯನ್ನೇ ದೂರಕ್ಕೆ ಸರಿಸಿ. ತಲೆಯಡಿ ಟವೆಲ್ ಮಡಿಸಿಡಿ, ಕತ್ತಿನ ಬಳಿ ಬಟ್ಟೆ ಸಡಿಲಿಸಿ. ಅದುರುವುದು ನಿಂತ ಮೇಲೆ ಆಚೆ ಬದಿಯ ಮೊಣಕಾಲು ಮಡಿಸಿ, ಅದನ್ನು ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ಜೊಲ್ಲು ಹೊರಗೆ ಹರಿಯಲಿ. ಇಷ್ಟು ಜನರಲ್ಲಿ ಒಬ್ಬರೂ ಗಂಟೆ ನೋಡಿರುವುದಿಲ್ಲ. ಕೇಳಿದರೆ ಒಬ್ಬರು ಎರಡು ನಿಮಿಷ ಅಂತಾರೆ, ಮತ್ತೊಬ್ಬರು ಅರ್ಧ ಗಂಟೆ.

ಐದು ನಿಮಿಷ ದಾಟಿತೋ, 108ಕ್ಕೆ ಫೋನ್ ಮಾಡಿ. ನಮ್ಮ ಘಟ್ಟದ ರಸ್ತೆಯಲ್ಲಿ ಆಂಬುಲೆನ್ಸ್ ಬರುವ ತನಕ ಕಾಯುವ ಹಾಗಿಲ್ಲ, ಅದಕ್ಕೇ ಡಾಕ್ಟರು ಫಿಟ್ಸ್ ನಿಲ್ಲಿಸುವ ಔಷಧಿ, ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಡುವುದು. ಮೂಗು ಒರೆಸಿ. ಹೊಸ ಬಾಟಲಿಯಾದರೆ ಮೊದಲು ಗಾಳಿಗೆ ಕೆಲವು ಸಲ ಒತ್ತಿ, ಸಣ್ಣ ಮಂಜಿನಂತೆ ಬರಬೇಕು. ಆಮೇಲೆ ಡಾಕ್ಟರು ಬರೆದಷ್ಟು ಒತ್ತಿನಲ್ಲಿ ಅರ್ಧ ಈ ಹೊಳ್ಳೆಗೆ, ಅರ್ಧ ಆ ಹೊಳ್ಳೆಗೆ.

ಎಡವುವುದು ಎಣಿಕೆಯಲ್ಲಿ. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, 20 ಕಿಲೋ ಮಗುವಿಗೆ 4. ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯಾದರೆ ಎಂಟು ಒತ್ತು. 1.25ರ ಬಾಟಲಿಯೂ ಅಂಗಡಿಯಲ್ಲಿದೆ. ಅದರಲ್ಲಿ ಎಂಟು ಒತ್ತಿದರೆ 10 ಮಿಲಿಗ್ರಾಂ ಆಯಿತು, ಮಗುವಿನ ಉಸಿರೇ ಕುಗ್ಗಬಹುದು. ಹೊಸ ಬಾಟಲಿ ತಂದಾಗಲೆಲ್ಲ ಚೀಟಿಗೂ ಬಾಟಲಿಗೂ ತಾಳೆ ನೋಡಿ. ಕೊಟ್ಟ ಮೇಲೆ ಎದೆ ಏರಿಳಿಯುವುದನ್ನು ಗಮನಿಸುತ್ತಿರಿ. ಎರಡನೇ ಸಲ ಕೊಡುವುದು ಡಾಕ್ಟರು ಬರೆದಿದ್ದರೆ ಮಾತ್ರ.

ಮೊದಲ ಸಲದ ಫಿಟ್ಸ್, ಬಸುರಿ ಹೆಂಗಸು, ನೀರಿಗೆ ಬಿದ್ದವರು, ಎಚ್ಚರವಾಗದೆ ಮತ್ತೆ ಬಂದದ್ದು – ಇವಕ್ಕೆ ಐದು ನಿಮಿಷ ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ಇದನ್ನು ಬಿಡಿಸಿ ಹೇಳಲು ಹೊತ್ತಿಲ್ಲ, ಸಂಗೀತ ಹಾಕುವವರು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಚೀಟಿಯನ್ನು ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಡಿ. ಗಡಿಯಾರ ನಿಂತಿದ್ದರೆ ಇವತ್ತೇ ಸೆಲ್ ಹಾಕಿಸಿ. ನಮಸ್ಕಾರ.