ಕೌಂಟರ್ ಎಷ್ಟು ಗಂಟೆ ಮುಚ್ಚಬಹುದು? ಡೇಟಾಬೇಸ್ ಸಾಗಿಸುವ ದಾರಿಯ ಆಯ್ಕೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವವರು ಇದ್ದೀರಿ, ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವರು ಇದ್ದೀರಿ, ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದುತ್ತಿರುವವರೂ ಇದ್ದೀರಿ. ಒಂದು ಬಗೆಯ ಯಂತ್ರದಲ್ಲಿರುವ ಡೇಟಾಬೇಸನ್ನು ಇನ್ನೊಂದು ಬಗೆಯ ಯಂತ್ರಕ್ಕೆ ಸಾಗಿಸಬೇಕಾದಾಗ ಯಾವ ದಾರಿ ಹಿಡಿಯಬೇಕು ಎನ್ನುವುದು ಇವತ್ತಿನ ವಿಷಯ. ನಾನು ಎಡವಿದ ಜಾಗದಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಸಹಕಾರ ಸಂಘದ ಲೆಕ್ಕವನ್ನು ಹಳೆಯ ಯೂನಿಕ್ಸ್ ಸರ್ವರ್‌ನಿಂದ ಲಿನಕ್ಸ್‌ಗೆ ತಂದೆವು. ಶನಿವಾರ ಸಂಜೆ ಆರಕ್ಕೆ ಕೌಂಟರ್ ಮುಚ್ಚಿತು. ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಟೇಬಲ್‌ಗಳೆಲ್ಲ ಬಂದವು, ನೆಮ್ಮದಿಯಿಂದ ಮನೆಗೆ ಹೋದೆವು. ಸೋಮವಾರ ಬೆಳಿಗ್ಗೆ ಜಗಳೂರು ಕಡೆಯ ಹಿರಿಯರೊಬ್ಬರು ಪಾಸ್‌ಬುಕ್ ಹಿಡಿದು ಬಂದರು. ಕೌಂಟರಿನಲ್ಲಿದ್ದ ಹುಡುಗಿ ಸದಸ್ಯ ಸಂಖ್ಯೆ ಒತ್ತಿದಳು. ಏನೂ ಬರಲಿಲ್ಲ. ಮತ್ತೊಮ್ಮೆ ಒತ್ತಿದಳು. "ಇಪ್ಪತ್ತು ವರ್ಷದಿಂದ ಸದಸ್ಯ ಇದೀನವ್ವ, ಈಗ ನನ್ ಹೆಸರೇ ಇಲ್ಲ ಅಂದ್ರೆ ಹೆಂಗೆ?" ಎಂದರು ಅವರು. ಅವರ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಪಾಸ್‌ಬುಕ್ ತೆರೆದು ನೋಡಿಕೊಳ್ಳತೊಡಗಿದರು. ಆ ಸಾಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಗಿದ್ದೇನು ಅಂದರೆ, ಹಳೆಯ ಯಂತ್ರದಲ್ಲಿ ಸದಸ್ಯರ ಹೆಸರುಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳಿಗೂ ಒಂದೇ ಆಗಿರುವ ಸಂಕೇತ ಪದ್ಧತಿಯಲ್ಲಿ, ಇರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಕಾಲದ ಫಾಂಟ್ ಸಂಕೇತದಲ್ಲಿದ್ದವು. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದಲ್ಲ, ಅದು. ಸಾಗಿಸುವಾಗಲೇ ಅವನ್ನು ಯೂನಿಕೋಡ್‌ಗೆ ಬದಲಿಸಿಬಿಡೋಣ, ಒಂದೇ ಏಟಿಗೆ ಎರಡೂ ಕೆಲಸ ಮುಗಿಯುತ್ತದೆ ಎಂದು ನಾನೇ ಹೇಳಿದ್ದೆ. ಈಗ ಲೆಕ್ಕ ನೋಡಿ. ಯೂನಿಕೋಡ್ ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಬಾಯಲ್ಲಿ 'ದಾವಣಗೆರೆ' ಐದು ಅಕ್ಷರ. ಒಳಗೆ ದೀರ್ಘ, ಏತ್ವ ಎಲ್ಲ ಬೇರೆ ಬೇರೆ ಸಂಕೇತಗಳಾಗಿ ಎಂಟಾಗುತ್ತವೆ, ಅಂದರೆ 24 ಬೈಟ್. ಫಾಂಟ್ ಸಂಕೇತದಲ್ಲಿ ಇದೇ ಹೆಸರು ಒಂಬತ್ತು ಬೈಟಿನಲ್ಲಿ ಕೂರುತ್ತಿತ್ತು. 'ಚಿತ್ರದುರ್ಗ' ಬಾಯಲ್ಲಿ ನಾಲ್ಕೇ ಅಕ್ಷರ, ಆದರೆ ಒತ್ತಕ್ಷರಗಳ ದೆಸೆಯಿಂದ ಹತ್ತು ಸಂಕೇತ, 30 ಬೈಟ್. ನಮ್ಮ ಹೆಸರಿನ ಕಾಲಮ್ಮಿನ ಅಳತೆ ಎಷ್ಟಿತ್ತು ಗೊತ್ತೇ? ಸರಿಯಾಗಿ 30 ಬೈಟ್. ಬಸಪ್ಪ ಎಂಬ ಹೆಸರಿಗೆ 15 ಸಾಕು, ಕೂತಿತು. ತಿಪ್ಪೇಸ್ವಾಮಿ ಎಂಬ ಹೆಸರಿಗೆ 36 ಬೇಕು. ನಮ್ಮ ಸೀಮೆಯಲ್ಲಿ ತಿಪ್ಪೇಸ್ವಾಮಿಗಳು ಎಷ್ಟು ಜನ ಇದ್ದಾರೆಂದು ನಿಮಗೆ ಹೇಳಬೇಕಾಗಿಲ್ಲ. ಅಂಥ ಸಾಲುಗಳನ್ನೆಲ್ಲ ಇಂಪೋರ್ಟ್ ತಿರಸ್ಕರಿಸಿತ್ತು, ಲಾಗ್ ಫೈಲಿನಲ್ಲಿ ಬರೆದೂ ಇತ್ತು. ನಾವು ಓದಿದ್ದು ಲಾಗಿನ ಕೊನೆಯ ಸಾಲನ್ನು. ಎಣಿಸಿದ್ದು ಟೇಬಲ್‌ಗಳನ್ನು, ಒಳಗಿನ ಸಾಲುಗಳನ್ನಲ್ಲ.

ಮಧ್ಯಾಹ್ನ ಹಳೆಯ ಸರ್ವರ್‌ಗೆ ವಾಪಸ್ ಹೋದೆವು. ಅಷ್ಟರಲ್ಲಿ ಹೊಸದರಲ್ಲಿ ನಲವತ್ತಕ್ಕೂ ಹೆಚ್ಚು ರಸೀದಿ ಮುದ್ರಣವಾಗಿ ಜನರ ಕೈ ಸೇರಿದ್ದವು. ಒಂದೊಂದನ್ನೂ ಕಾರ್ಬನ್ ಪ್ರತಿ ನೋಡಿಕೊಂಡು ಕೈಯಿಂದ ಹಳೆಯದಕ್ಕೆ ಏರಿಸುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು.

ಅವತ್ತಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಯಾವ ಟೂಲ್ ಎಂಬುದಲ್ಲ, ಕೌಂಟರ್ ಎಷ್ಟು ಗಂಟೆ ಮುಚ್ಚಬಹುದು ಎಂಬುದು. ಆ ಗಂಟೆಗಳಲ್ಲಿ ಏನನ್ನು ಮಾಡದೆ ವಿಧಿಯಿಲ್ಲವೋ ಅದನ್ನಷ್ಟೇ ಮಾಡಬೇಕು. ಮಿಕ್ಕಿದ್ದನ್ನು ಮೊದಲೇ ಮುಗಿಸಬೇಕು, ಇಲ್ಲವೇ ಆಮೇಲೆ ಮಾಡಬೇಕು. ದಾರಿಯ ಆಯ್ಕೆ ಎಂದು ನಾವು ಕರೆಯುವುದು ಈ ವಿಂಗಡಣೆಯನ್ನೇ.

ಲೆಕ್ಕ ಹಾಕೋಣ. ಶನಿವಾರ ಸಂಜೆ ಆರರಿಂದ ಸೋಮವಾರ ಬೆಳಿಗ್ಗೆ ಹತ್ತರವರೆಗೆ 40 ಗಂಟೆ. ಡೇಟಾಬೇಸ್ 2 ಟಿಬಿ ಇದೆ, ನಡುವಿನ ನೆಟ್‌ವರ್ಕ್ 100 ಎಂಬಿಪಿಎಸ್ ಎಂದುಕೊಳ್ಳಿ. ಒಂದು ಕ್ಷಣವೂ ನಿಲ್ಲದೆ ಪೂರ್ತಿ ವೇಗದಲ್ಲಿ ಹರಿದರೂ 44 ಗಂಟೆ ಬೇಕು. ಅಲ್ಲಿಗೆ ಆ ದಾರಿ ಮುಚ್ಚಿತು. 1 ಜಿಬಿಪಿಎಸ್ ಇದ್ದರೆ ನಾಲ್ಕೂವರೆ ಗಂಟೆಯ ಆಸುಪಾಸು. ಆದರೆ ಇದು ಸಾಗಣೆಯ ಹೊತ್ತು ಮಾತ್ರ. ಎಕ್ಸ್‌ಪೋರ್ಟ್, ಇಂಪೋರ್ಟ್, ಇಂಡೆಕ್ಸ್ ಮತ್ತೆ ಕಟ್ಟುವುದು, ಅಂಕಿಅಂಶ ಸಂಗ್ರಹ, ಕೊನೆಗೆ ತಾಳೆ ನೋಡುವುದು, ಎಲ್ಲವೂ ಅದೇ 40 ಗಂಟೆಯೊಳಗೆ ಆಗಬೇಕು. ಚಿಕ್ಕ ಡೇಟಾಬೇಸ್ ಆದರೆ ಡಂಪ್, ಅಂದರೆ ಇಡೀ ಡೇಟಾವನ್ನು ಒಂದು ಫೈಲಿಗೆ ತೆಗೆದು ಹೊಸದಕ್ಕೆ ಏರಿಸುವ ದಾರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಯಂತ್ರ ಯಾವುದಾದರೂ ನಡೆಯುತ್ತದೆ, ಅರ್ಥಮಾಡಿಕೊಳ್ಳುವುದು ಸುಲಭ, ತಪ್ಪಾದರೆ ಕಣ್ಣಿಗೆ ಕಾಣುತ್ತದೆ. 20 ಜಿಬಿ ಲೆಕ್ಕಕ್ಕೆ ರೆಪ್ಲಿಕೇಶನ್, ಅಂದರೆ ಒಂದು ಯಂತ್ರದ ಬದಲಾವಣೆಗಳನ್ನು ಇನ್ನೊಂದಕ್ಕೆ ಕಳಿಸುತ್ತಲೇ ಇರುವ ಏರ್ಪಾಡು, ಕಟ್ಟಲು ಹೊರಟವರನ್ನು ಕಂಡರೆ ನಾನು ತಡೆಯುತ್ತೇನೆ.

ದೊಡ್ಡದಾದರೆ ಫೈಲುಗಳನ್ನೇ ನೇರ ನಕಲು ಮಾಡೋಣ ಅನ್ನಿಸುತ್ತದೆ. ಇಲ್ಲಿ ಯಂತ್ರದ ಜಾತಿ ಅಡ್ಡ ಬರುತ್ತದೆ. ಸೋಲಾರಿಸ್ ಓಡಿಸುತ್ತಿದ್ದ ಸ್ಪಾರ್ಕ್, ಐಬಿಎಂನ ಎಐಎಕ್ಸ್, ಎಚ್‌ಪಿ-ಯುಎಕ್ಸ್ ಇವೆಲ್ಲ ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಬರೆಯುತ್ತವೆ. ನಮ್ಮ ಮೇಜಿನ ಮೇಲಿರುವ ಇಂಟೆಲ್ ಯಂತ್ರಗಳು ಲಿಟಲ್ ಎಂಡಿಯನ್, ಚಿಕ್ಕ ತುದಿ ಮೊದಲು. ದಾವಣಗೆರೆ ಜಿಲ್ಲೆಯಾದ ವರ್ಷ 1997. ಎರಡು ಬೈಟಿನಲ್ಲಿ ಬರೆದರೆ ದೊಡ್ಡ ಬೈಟ್ 7, ಚಿಕ್ಕದು 205. ಏಳನ್ನು 256ರಿಂದ ಗುಣಿಸಿ 205 ಕೂಡಿಸಿದರೆ 1997 ಬರುತ್ತದೆ. ಅದೇ ಎರಡು ಬೈಟನ್ನು ಇನ್ನೊಂದು ಜಾತಿಯ ಯಂತ್ರ ತಿರುಗಾಮುರುಗಾ ಓದಿದರೆ 52487. ಫೈಲು ಹಾಳಾಗಿಲ್ಲ, ಒಂದು ಬಿಟ್ ಕೂಡ ಬದಲಾಗಿಲ್ಲ, ಆದರೂ ಅರ್ಥ ಪೂರ್ತಿ ಹೋಯಿತು.

ಒರಾಕಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ 10ಜಿ ಆವೃತ್ತಿಯಿಂದ ಇದಕ್ಕೊಂದು ಪರಿಹಾರವಿದೆ. ಟೇಬಲ್‌ಗಳನ್ನು ಇಟ್ಟಿರುವ ಟೇಬಲ್‌ಸ್ಪೇಸ್‌ನ ಫೈಲುಗಳನ್ನು ಆರ್‌ಮ್ಯಾನ್ ಎಂಬ ಒರಾಕಲ್‌ನ ಬ್ಯಾಕಪ್ ಟೂಲ್ ಮೂಲಕ ಇನ್ನೊಂದು ಎಂಡಿಯನ್‌ಗೆ ಪರಿವರ್ತಿಸಿ ಜೋಡಿಸಬಹುದು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇನ್‌ಕ್ರಿಮೆಂಟಲ್ ಬ್ಯಾಕಪ್ ಸೇರಿಸಿಕೊಂಡ ವಿಧಾನ. ಕೌಂಟರ್ ಎಂದಿನಂತೆ ನಡೆಯುತ್ತಿರುವಾಗಲೇ ಇಡೀ ರಾಶಿಯನ್ನು ಹೊಸ ಯಂತ್ರಕ್ಕೆ ಸಾಗಿಸಿ ಪರಿವರ್ತಿಸುತ್ತೀರಿ. ಅದಕ್ಕೆ ನಾಲ್ಕು ದಿನ ಹಿಡಿದರೂ ಯಾರಿಗೂ ತೊಂದರೆಯಿಲ್ಲ. ಆಮೇಲೆ ದಿನದಿನದ ಬದಲಾವಣೆಯನ್ನಷ್ಟೇ ತಂದು ಸೇರಿಸುತ್ತೀರಿ. ಕೊನೆಯ ದಿನ ಹಳೆಯದನ್ನು ಓದಲು ಮಾತ್ರ ಎಂದು ಮಾಡಿ, ಉಳಿದ ಚೂರನ್ನು ಮತ್ತು ಮೆಟಾಡೇಟಾವನ್ನು, ಅಂದರೆ ಟೇಬಲ್‌ಗಳ ರಚನೆಯ ವಿವರವನ್ನು, ಒಯ್ದರೆ ಆಯಿತು.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಫೈಲು ಮಟ್ಟದ ನಕಲಿಗೆ ಎರಡೂ ಕಡೆ ಒಂದೇ ಜಾತಿಯ ಯಂತ್ರ ಇರಬೇಕು. ಜಾತಿ ಬೇರೆಯಾದರೆ ಡಂಪ್, ಇಲ್ಲವೇ 2017ರಲ್ಲಿ 10ನೇ ಆವೃತ್ತಿಯೊಂದಿಗೆ ಬಂದ ಲಾಜಿಕಲ್ ರೆಪ್ಲಿಕೇಶನ್. ಇದು ಬದಲಾದ ಸಾಲುಗಳನ್ನು ಆಗಿಂದಾಗಲೇ ಕಳಿಸುತ್ತಿರುತ್ತದೆ, ಹಾಗಾಗಿ ಬಾಗಿಲು ಮುಚ್ಚುವುದು ನಿಮಿಷಗಳ ಮಾತು. ಆದರೆ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಕಾಲಮ್, ಇಲ್ಲದ ಟೇಬಲ್‌ಗಳನ್ನು ಮೊದಲೇ ಸರಿಪಡಿಸಿ. ಮುಂದಿನ ನಂಬರ್ ಕೊಡುವ ಸೀಕ್ವೆನ್ಸ್‌ನ ಈಗಿನ ಅಂಕಿ ತಾನಾಗಿ ಬರುವುದಿಲ್ಲ ಎಂದೇ ಲೆಕ್ಕ ಇಟ್ಟುಕೊಳ್ಳಿ. ಅದನ್ನು ಮರೆತರೆ ಸೋಮವಾರದ ಮೊದಲ ರಸೀದಿಗೆ ಹಳೆಯ ರಸೀದಿಯ ನಂಬರೇ ಬರಲು ಹೋಗಿ ಎಲ್ಲವೂ ನಿಲ್ಲುತ್ತದೆ.

ಇನ್ನೊಂದು ದಾರಿ ಕಲಿಯಲು ದೂರ ಹೋಗಬೇಕಿಲ್ಲ. ಮಂಡಿಯವರು ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವಾಗ ಹಳೆಯ ಪುಸ್ತಕವನ್ನು ಪೂರ್ತಿ ನಕಲು ಮಾಡುತ್ತಾರೆಯೇ? ರೈತರ ಬಾಕಿಯನ್ನು ಮೊದಲ ಪುಟಕ್ಕೆ ಎಳೆದುಕೊಳ್ಳುತ್ತಾರೆ, ಹಳೆಯ ಪುಸ್ತಕ ಕಪಾಟಿನಲ್ಲಿ ಕೈಗೆ ಸಿಗುವಂತೆ ಇರುತ್ತದೆ. ಸಂಘಗಳಿಗೂ ಮಾರ್ಚ್ 31 ಇದೆ. ಆರಂಭದ ಬಾಕಿ ಮತ್ತು ನಡೆಯುತ್ತಿರುವ ಸಾಲಗಳನ್ನಷ್ಟೇ ಮೊದಲು ಒಯ್ದು, ಹಿಂದಿನ ವರ್ಷಗಳ ವಹಿವಾಟನ್ನು ನಿಧಾನವಾಗಿ ಆಮೇಲೆ ತನ್ನಿ. ಇದನ್ನು ಹೇಳಿದರೆ ತಂತ್ರಜ್ಞರು ಒಪ್ಪುವುದು ಕಡಿಮೆ, ಲೆಕ್ಕಿಗರು ತಕ್ಷಣ ಒಪ್ಪುತ್ತಾರೆ.

ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವುದಾದರೆ ಅದು ಬೇರೆಯೇ ಕೆಲಸ, ತಿಂಗಳುಗಳ ಲೆಕ್ಕ ಇಡಿ. ಒರಾಕಲ್ ಖಾಲಿ ಪದವನ್ನು ನಲ್, ಅಂದರೆ ಬೆಲೆಯೇ ಇಲ್ಲ, ಎಂದೇ ಭಾವಿಸುತ್ತದೆ, ಪೋಸ್ಟ್‌ಗ್ರೆಸ್‌ಗೆ ಅವೆರಡೂ ಬೇರೆ. ಒರಾಕಲ್‌ನ ಡೇಟ್ ತನ್ನೊಳಗೆ ಗಂಟೆ ನಿಮಿಷವನ್ನೂ ಇಟ್ಟುಕೊಂಡಿರುತ್ತದೆ. ಹೆಸರು ಒಂದೇ ಇದೆಯೆಂದು ಪೋಸ್ಟ್‌ಗ್ರೆಸ್‌ನ ಡೇಟ್‌ಗೆ ಹಾಕಿದರೆ ತೂಕದ ಚೀಟಿಯ ಸಮಯವೆಲ್ಲ ಅಳಿಸಿಹೋಗುತ್ತದೆ.

ಸಾಗಿಸುವಾಗ ಹಳೆಯ ಕೊಳೆ ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸದಸ್ಯರ ಮನೆ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತಾ ಬಂತು. ಆ ಕೋಡುಗಳನ್ನು ಸರಿಪಡಿಸಲೇಬೇಕು, ಒಪ್ಪುತ್ತೇನೆ. ಹಳೆಯ ಯಂತ್ರದಲ್ಲೇ ಒಂದು ತಿಂಗಳು ಮೊದಲು ಸರಿಪಡಿಸಿ, ಅಥವಾ ಹೊಸದರಲ್ಲಿ ಒಂದು ತಿಂಗಳ ನಂತರ. ಆ ಶನಿವಾರ ಮತ್ತು ಭಾನುವಾರ ಮಾತ್ರ ಅದಕ್ಕೆ ಕೈ ಹಾಕಬೇಡಿ. ನಾನು ಹೆಸರುಗಳ ವಿಷಯದಲ್ಲಿ ಮಾಡಿದ್ದು ಇದೇ ತಪ್ಪು.

ವಾಪಸ್ ಬರುವ ದಾರಿಯ ಬಗ್ಗೆ ಒಂದು ಮಾತು. "ಹಳೆಯ ಬ್ಯಾಕಪ್ ಇದೆಯಲ್ಲ" ಎನ್ನುತ್ತಾರೆ. ಹೊಸ ಯಂತ್ರದಲ್ಲಿ ಮೊದಲ ರಸೀದಿ ಮುದ್ರಣವಾಗುವವರೆಗೆ ಮಾತ್ರ ಅದು ವಾಪಸ್ ದಾರಿ. ಆಮೇಲೂ ದಾರಿ ತೆರೆದಿರಬೇಕಾದರೆ ಹೊಸದರಿಂದ ಹಳೆಯದಕ್ಕೆ ಉಲ್ಟಾ ರೆಪ್ಲಿಕೇಶನ್ ಒಂದು ವಾರವಾದರೂ ಓಡಬೇಕು. ಅಷ್ಟು ಶಕ್ತಿಯಿಲ್ಲದ ಸಂಘವಾದರೆ ಪ್ರತಿ ರಸೀದಿಯ ಕಾಗದದ ಪ್ರತಿಯನ್ನು ಕ್ರಮವಾಗಿ ಇಟ್ಟುಕೊಳ್ಳಿ. ನಮ್ಮನ್ನು ಅವತ್ತು ಕಾಪಾಡಿದ್ದು ಕಾರ್ಬನ್ ಪ್ರತಿಗಳೇ.

ಎರಡನೆಯ ಸಲ ಹೋಗುವ ಮೊದಲು ನಾವು ಮೂರು ಬಾರಿ ತಾಲೀಮು ಮಾಡಿದೆವು, ಪ್ರತಿ ಹಂತದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದೆವು. ಹೆಸರುಗಳನ್ನು ಮೂರು ವಾರ ಮೊದಲೇ ಹಳೆಯ ಯಂತ್ರದಲ್ಲಿ ಪಕ್ಕದ ಕಾಲಮ್ಮಿಗೆ ಬದಲಿಸಿಟ್ಟು, ಸಂಘದ ಗುಮಾಸ್ತರಿಂದ ಓದಿಸಿದೆವು. ಆಗ ಇನ್ನೊಂದು ವಿಷಯ ಸಿಕ್ಕಿತು. 'ಕೊ' ಎಂದು ಬರೆಯುವಾಗ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎಲ್ಲವನ್ನೂ ಒಂದೇ ರೂಪಕ್ಕೆ ತಂದೆವು. ಸಾಗಿಸಿದ ರಾತ್ರಿ ಸಾಲುಗಳ ಎಣಿಕೆಯ ಜೊತೆಗೆ ತಾಲೂಕುವಾರು ಠೇವಣಿ, ಸಾಲ, ಬಡ್ಡಿಯ ಮೊತ್ತಗಳನ್ನು ಎರಡೂ ಯಂತ್ರಗಳಲ್ಲಿ ತೆಗೆದು ಪೈಸೆಯವರೆಗೆ ತಾಳೆ ಹಾಕಿದೆವು. ಕೌಂಟರ್ ಮುಚ್ಚಿದ್ದು ಒಟ್ಟು ಆರು ಗಂಟೆ ಹೊತ್ತು. ಬೆಳಗಾಗುವ ಮೊದಲೇ ಕೆಲಸ ಮುಗಿಯಿತು. ಸೋಮವಾರ ಆ ಹುಡುಗಿ ಮೊದಲು ಒತ್ತಿದ್ದು ಜಗಳೂರು ಕಡೆಯ ಆ ಹಿರಿಯರ ಸದಸ್ಯ ಸಂಖ್ಯೆಯನ್ನು.

ಊಟದ ನಂತರ ಲ್ಯಾಬಿನಲ್ಲಿ ಒಂದು ಮಾದರಿ ಡೇಟಾಬೇಸ್ ಇಟ್ಟಿದ್ದೇವೆ. ಟೂಲ್ ತೆರೆಯುವ ಮೊದಲು ಅದರ ಹೆಸರಿನ ಕಾಲಮ್ಮುಗಳ ಅಳತೆ ಬರೆದುಕೊಂಡು ಬನ್ನಿ, ಅಲ್ಲಿಂದ ಶುರು ಮಾಡೋಣ.