ಪಿಕಲ್‌ಬಾಲ್ ಡ್ರೈವ್: ಜೋರು ಆಮೇಲೆ, ಮೊದಲು ಚೆಂಡು ಮುಂದೆ ಸಿಗಲಿ

(ತೆರೆಯಲ್ಲಿ: ಬೇಸ್‌ಲೈನ್‌ನಿಂದ ಹೊಡೆದ ಒಂದು ಡ್ರೈವ್ ನೆಟ್‌ಗೆ ಬಡಿಯುತ್ತದೆ. ಇನ್ನೊಂದು ಕೋರ್ಟ್ ದಾಟಿ ಆಚೆ ಬೀಳುತ್ತದೆ.)

ನಮಸ್ಕಾರ. ಡ್ರೈವ್ ಅಂದರೆ ಚೆಂಡನ್ನು ನೆಟ್ ಮೇಲಿಂದ ತಗ್ಗಾಗಿ, ರಭಸವಾಗಿ ಕಳಿಸುವ ಹೊಡೆತ. ಒಂದು ನೆಟ್‌ಗೆ, ಒಂದು ಔಟ್. ಎರಡೂ ಕೆಟ್ಟಿದ್ದು ಒಂದೇ ಕಾರಣಕ್ಕೆ: ಪ್ಯಾಡಲ್ ಚೆಂಡಿಗೆ ತಡವಾಗಿ ತಾಗಿದೆ. ತೋಳಲ್ಲಿ ಶಕ್ತಿ ಸಾಲದೆ ಡ್ರೈವ್ ಕೆಡುವುದು ಅಪರೂಪ.

(ಅದೇ ಹೊಡೆತ, ನಿಧಾನವಾಗಿ.)

ಇಲ್ಲಿ ನಿಲ್ಲಿಸೋಣ. ಚೆಂಡು ಆಗಲೇ ಸೊಂಟದ ಪಕ್ಕಕ್ಕೆ ಬಂದುಬಿಟ್ಟಿದೆ. ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ, ಮೈಭಾರ ಹಿಂದಿನ ಕಾಲಿನ ಮೇಲಿದೆ. ಇನ್ನು ಉಳಿದಿರುವುದು ಮಣಿಕಟ್ಟು ಮಾತ್ರ. ಅದು ಕೊನೇ ಗಳಿಗೆಯಲ್ಲಿ ಪ್ಯಾಡಲ್ ತಿರುಚಿ ಹೇಗೋ ಸುಧಾರಿಸಲು ನೋಡುತ್ತದೆ. ಪ್ಯಾಡಲ್ ಮುಖ ಸ್ವಲ್ಪ ಮೇಲಕ್ಕೆ ವಾಲಿದರೆ ಔಟ್, ಕೆಳಕ್ಕೆ ವಾಲಿದರೆ ನೆಟ್.

ಹಾಗಾದರೆ ಬೇಗ ತಯಾರಾಗಬೇಕು, ಅಲ್ವಾ? ಎದುರಾಳಿ ಹೊಡೆದ ತಕ್ಷಣ ಭುಜ ತಿರುಗಿಸಿ. ಚೆಂಡು ಪುಟಿಯುವ ಮೊದಲೇ ಪ್ಯಾಡಲ್ ಹಿಂದಕ್ಕೆ ಹೋಗಿರಲಿ. ತೀರಾ ಹಿಂದಕ್ಕೆ ಬೇಡ, ಹಿಂದಿನ ಸೊಂಟದ ಹತ್ತಿರ ಸಾಕು. ಟೆನಿಸ್ ಆಡಿ ಬಂದವರು ಸುಮ್ನೆ ದೊಡ್ಡ ಸುತ್ತು ಹಾಕುತ್ತಾರೆ, ಅಷ್ಟು ಹೊತ್ತು ಇಲ್ಲಿ ಸಿಗುವುದಿಲ್ಲ. ಈ ತೂತಿನ ಪ್ಲಾಸ್ಟಿಕ್ ಚೆಂಡು ಟೆನಿಸ್ ಚೆಂಡಿನಷ್ಟು ಪುಟಿಯುವುದೂ ಇಲ್ಲ. ಅದಕ್ಕೇ ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ.

ಚೆಂಡು ಸಿಗಬೇಕಾದ್ದು ಮುಂದಿನ ಕಾಲಿಗಿಂತ ಮುಂದೆ, ಮೊಣಕಾಲಿಗೂ ಸೊಂಟಕ್ಕೂ ನಡುವೆ. ಸೊಂಟ ಮೊದಲು ತಿರುಗುತ್ತದೆ, ತೋಳು ಹಿಂದೆಯೇ ಬರುತ್ತದೆ. ಪ್ಯಾಡಲ್ ಕೆಳಗಿನಿಂದ ಮೇಲಕ್ಕೆ ಚೆಂಡನ್ನು ಸವರಿಕೊಂಡು ಹೋದರೆ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವ ಸುತ್ತು, ಸಿಗುತ್ತದೆ. ಚೆಂಡು ನೆಟ್ ದಾಟಿದ ಮೇಲೆ ಬೇಗ ಕೆಳಗಿಳಿಯುತ್ತದೆ.

(ಎಡಗೈಯಿಂದ ಚೆಂಡು ಬಿಟ್ಟು ಹೊಡೆಯುವ ಅಭ್ಯಾಸ.)

ಒಬ್ಬರೇ ಇದ್ದಾಗ ಹೀಗೆ ಮಾಡಿ. ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತಿದ್ದೇನೆ, ಎಡಗೈಯವರು ಅದಲುಬದಲು ಮಾಡಿಕೊಳ್ಳಿ. ಎಡಗಾಲಿನ ಮುಂದೆ ಚೆಂಡು ಬಿಡಿ, ಪುಟಿದ ಮೇಲೆ ಅರ್ಧ ಬಲದಲ್ಲಿ ಹೊಡೆದು ಹಾಗೇ ನಿಂತುಬಿಡಿ. ಬಲ ಹಿಮ್ಮಡಿ ಮೇಲೆದ್ದಿದೆಯಾ? ಎದೆ ನೆಟ್ ಕಡೆ ಇದೆಯಾ? ಇಲ್ಲ ಅಂದರೆ ಬರೀ ತೋಳಿನಿಂದ ಹೊಡೆದಿದ್ದೀರಿ. ಹಿಡಿತವೂ ಸಡಿಲವಿರಲಿ. ಹಿಂಡಿ ಹಿಡಿದರೆ ಮುಂಗೈ ಬಿಗಿಯಾಗಿ ಪ್ಯಾಡಲ್‌ನ ವೇಗವೇ ಸಾಯುತ್ತದೆ.

ಎಲ್ಲಿಗೆ ಹೊಡೆಯಬೇಕು? ಗೆರೆ ಪಕ್ಕ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ನನ್ನ ಮತ ಮಧ್ಯಕ್ಕೆ. ನೆಟ್ ಬದಿಗಳಲ್ಲಿ 36 ಇಂಚು, ಮಧ್ಯದಲ್ಲಿ 34. ಡಬಲ್ಸ್‌ನಲ್ಲಿ ಇದು ಯಾರ ಚೆಂಡು ಎಂಬ ಗೊಂದಲವೂ ಆಗುತ್ತದೆ. ಎದುರಾಳಿ ಇನ್ನೂ ಕಿಚನ್ (ನೆಟ್‌ಗೆ ಅಂಟಿಕೊಂಡ, ಒಳಗೆ ನಿಂತು ಚೆಂಡು ಪುಟಿಯುವ ಮೊದಲೇ ಹೊಡೆಯಬಾರದ ಜಾಗ) ಗೆರೆಯತ್ತ ಓಡಿ ಬರುತ್ತಿದ್ದರೆ ಅವರ ಕಾಲ ಬಳಿಗೇ ಹೊಡೆಯಿರಿ. ಭುಜದೆತ್ತರಕ್ಕೆ ರಭಸವಾಗಿ ಹೋದ ಚೆಂಡನ್ನು ಅನುಭವಿಗಳು ಮುಟ್ಟುವುದೇ ಇಲ್ಲ, ಔಟ್ ಆಗಲಿ ಅಂತ ಬಿಟ್ಟುಬಿಡುತ್ತಾರೆ.

ರಿಟರ್ನ್ ತೀರಾ ಆಳಕ್ಕೆ ಬಂದು ನೀವು ಹಿಂದಕ್ಕೆ ವಾಲುತ್ತಿದ್ದರೆ ಡ್ರೈವ್ ಬೇಡ, ಡ್ರಾಪ್ ಹಾಕಿ, ಅಂದರೆ ಚೆಂಡನ್ನು ಮೆತ್ತಗೆ ನೆಟ್ ದಾಟಿಸಿ ಎದುರಿನ ಕಿಚನ್‌ನಲ್ಲಿ ಬೀಳಿಸಿ.

(ಡಬಲ್ಸ್ ಆಟ: ಮೂರನೇ ಹೊಡೆತ ಡ್ರೈವ್, ಐದನೆಯದು ಡ್ರಾಪ್.)

ಇನ್ನೊಂದು ಮಾತು. ಡ್ರೈವ್ ಹೊಡೆದು ನೋಡುತ್ತಾ ನಿಲ್ಲಬೇಡಿ. ಒಳ್ಳೆಯ ಡ್ರೈವ್ ಕೂಡ ಎಷ್ಟೋ ಸಲ ಬ್ಲಾಕ್ ಆಗಿ ವಾಪಸ್ ಬರುತ್ತದೆ. ಪ್ಯಾಡಲ್ ಎದೆ ಮುಂದೆ ಹಿಡಿದು ಎರಡು ಹೆಜ್ಜೆ ಮುಂದೆ ಬನ್ನಿ. ವಾಪಸ್ ಬಂದ ಚೆಂಡು ಮೆತ್ತಗೆ, ಎತ್ತರವಾಗಿ ಸಿಕ್ಕರೆ ಮತ್ತೆ ಬಾರಿಸಿ. ತಗ್ಗಿನಲ್ಲಿ ಸಿಕ್ಕರೆ ಎದುರಿನ ಕಿಚನ್‌ಗೆ ಡ್ರಾಪ್ ಹಾಕಿ, ನೆಟ್ ಕಡೆ ಹೊರಡಿ.