ಕೂಗದವರ ಬಳಿಗೆ ಮೊದಲು

ಕೇಳುಗರಿಗೆ ನಮಸ್ಕಾರ.

ರೈಲು ಹಳಿ ತಪ್ಪುತ್ತದೆ, ಬಸ್ಸು ಉರುಳುತ್ತದೆ, ಕಟ್ಟಡ ಕುಸಿಯುತ್ತದೆ, ಜನಜಂಗುಳಿಯಲ್ಲಿ ಕಾಲ್ತುಳಿತವಾಗುತ್ತದೆ. ಒಂದೇ ಗಳಿಗೆಯಲ್ಲಿ ಹತ್ತಾರು ಮಂದಿ ನೆಲಕ್ಕೆ ಬಿದ್ದಿರುತ್ತಾರೆ. ಇಂಥ ಕಡೆ ಮೊದಲು ಇರುವವರು ವೈದ್ಯರಲ್ಲ, ನೀವು. ಪಕ್ಕದಲ್ಲೇ ಇದ್ದವರು, ಹಿಂದಿನ ವಾಹನದಲ್ಲಿ ಬರುತ್ತಿದ್ದವರು, ಏಟು ತಗುಲದೆ ಉಳಿದ ಸಹಪ್ರಯಾಣಿಕರು. ಆದ್ದರಿಂದ ಇವತ್ತು ನಿಮ್ಮೊಡನೆಯೇ ಮಾತಾಡುತ್ತೇನೆ. ಹೇಳುವುದು ಒಂದೇ ವಿಷಯ: ಯಾರೊಬ್ಬರ ಪಕ್ಕದಲ್ಲಿ ಕೂರುವುದಕ್ಕೂ ಮುಂಚೆ ಎಲ್ಲರನ್ನೂ ಒಮ್ಮೆ ನೋಡಿ.

ಸುಲಭ ಅನ್ನಿಸುತ್ತದೆ, ಅಲ್ಲವೇ? ಸುಲಭವಲ್ಲ. ನಮ್ಮ ಕಿವಿ ನಮ್ಮನ್ನು ಕೂಗಿನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಕೂಗಬೇಕಾದರೆ ಶ್ವಾಸನಾಳ ತೆರೆದಿರಬೇಕು, ಎದೆಯೊಳಗೆ ಗಾಳಿ ಆಡುತ್ತಿರಬೇಕು, ಮೆದುಳಿಗೆ ರಕ್ತ ಹೋಗುತ್ತಿರಬೇಕು. ಹಾಗಾಗಿ ಕೂಗುವವನಿಗೆ ಇನ್ನೂ ಸ್ವಲ್ಪ ಸಮಯವಿದೆ. ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಿಕೊಂಡವನು ಕೂಗಲಾರ. ಹೊಟ್ಟೆಯೊಳಗೆ ರಕ್ತ ಸೋರಿ ಬಿಳಿಚಿಕೊಂಡವಳಲ್ಲಿ ಕೂಗುವ ತ್ರಾಣವೇ ಇರುವುದಿಲ್ಲ. ಇವರಿಗಿರುವುದು ನಿಮಿಷಗಳು ಮಾತ್ರ.

ನಾವು ಪ್ರಥಮ ಚಿಕಿತ್ಸೆ ಕಲಿಸುವಾಗ ಅಣಕು ಕಾರ್ಯಾಚರಣೆ ನಡೆಸುತ್ತೇವೆ. ಒಂದು ಸಭಾಂಗಣದಲ್ಲಿ ಬೆಂಚು ಕುರ್ಚಿಗಳನ್ನೆಲ್ಲ ಅಡ್ಡಾದಿಡ್ಡಿ ಉರುಳಿಸಿ, ದೀಪ ಮಂಕು ಮಾಡಿ, ಅರ್ಧ ವಿದ್ಯಾರ್ಥಿಗಳನ್ನು ಗಾಯಾಳುಗಳನ್ನಾಗಿ ಮಲಗಿಸುತ್ತೇವೆ. ಒಬ್ಬೊಬ್ಬರ ಕೊರಳಿಗೂ ಒಂದು ಚೀಟಿ. ಉಸಿರು ನಿಮಿಷಕ್ಕೆ ಎಷ್ಟು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ, ಹೇಳಿದ್ದು ತಿಳಿಯುತ್ತದೆಯೇ ಎಂದು ಅದರಲ್ಲಿ ಬರೆದಿರುತ್ತದೆ. ಒಮ್ಮೆ ಒಬ್ಬ ಹುಡುಗನ ಮೊಣಕಾಲಿಗೆ ಕೆಂಪು ಬಣ್ಣ ಬಳಿದು, ಗಂಟಲು ಬಿಚ್ಚಿ ಕೂಗು ಅಂದೆ. ಅವನು ಚೆನ್ನಾಗಿಯೇ ಕೂಗಿದ. ಉರುಳಿದ ಬೆಂಚಿನ ಪಕ್ಕದಲ್ಲಿ ಒಬ್ಬ ಹುಡುಗಿ ಮಲಗಿದ್ದಳು. ಅವಳ ಚೀಟಿಯಲ್ಲಿ ಉಸಿರು 36, ನಾಡಿ ಸಿಗುವುದಿಲ್ಲ, ಮಾತಿಲ್ಲ.

ಬಾಗಿಲು ತೆರೆಯಿತು. ರಕ್ಷಕರ ಪಾತ್ರದವರು ನುಗ್ಗಿದರು. ನಾಲ್ಕು ಮಂದಿ ಆ ಹುಡುಗನ ಸುತ್ತ ಮಂಡಿಯೂರಿದರು. ಒಬ್ಬ ಕಾಲಿಗೆ ಪಟ್ಟಿ ಕಟ್ಟಿದ, ಒಬ್ಬಳು ತಲೆ ಹಿಡಿದುಕೊಂಡಳು, ಒಬ್ಬ ಸಮಾಧಾನ ಹೇಳಿದ, ಇನ್ನೊಬ್ಬ ಸುಮ್ಮನೆ ಕೈ ಹಿಡಿದು ಕೂತ. ಕಟ್ಟಿದ ಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು. ಹುಡುಗಿಯ ಕಾಲುಗಳನ್ನು ದಾಟಿಕೊಂಡೇ ಇಬ್ಬರು ಅತ್ತಿತ್ತ ಓಡಾಡಿದರು. ಗಂಟೆ ಹೊಡೆದ ಮೇಲೆ ಅವಳು ಎದ್ದು ಕೂತು ಹೇಳಿದಳು: "ಸರ್, ನನಗೆ ಬರೀ ಶೂಗಳು ಕಾಣ್ತಿದ್ವು. ಎಲ್ಲಾ ಅವನ ಕಡೆಗೇ ಹೋಗ್ತಿದ್ವು."

ಆ ಮಕ್ಕಳು ದಡ್ಡರಲ್ಲ. ಒಬ್ಬ ರೋಗಿಗೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ರೋಗಿಗಳಿದ್ದಾಗ ಮೊದಲ ಕೆಲಸ ಬೇರೆ ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಸುತ್ತಿಗೆ ಒಂದೇ ಒಂದು ಸೂಚನೆ ಕೊಟ್ಟೆ. ಮೊದಲು ಒಳಗೆ ಹೋಗುವವರು ಮಂಡಿಯೂರುವಂತಿಲ್ಲ. ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ, "ನಡೆಯಲು ಆಗುವವರೆಲ್ಲ ಎದ್ದು ಈ ಗೋಡೆಯ ಹತ್ತಿರ ಬನ್ನಿ" ಅನ್ನಬೇಕು. ಕೂಗಿದ ತಕ್ಷಣ ಅರ್ಧಕ್ಕಿಂತ ಹೆಚ್ಚು ಮಂದಿ ಎದ್ದು ಹೋದರು. ನೆಲ ಖಾಲಿಯಾಯಿತು. ಉಳಿದವರನ್ನು ನಿಂತಲ್ಲಿಂದಲೇ ಎಣಿಸಬಹುದಿತ್ತು. ನಿಮಿಷ ತುಂಬುವುದರೊಳಗೆ ಆ ಹುಡುಗಿ ಸಿಕ್ಕಿದಳು. ಅವರೇ ವಿದ್ಯಾರ್ಥಿಗಳು, ಅವವೇ ಪಟ್ಟಿಗಳು! ಹೊಸ ಉಪಕರಣ ಒಂದೂ ಬಂದಿರಲಿಲ್ಲ. ಈ ಪ್ರಸಂಗವನ್ನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಹೀಗೆ ವಿಂಗಡಿಸುವ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ, ಗಾಯಾಳುವಿನ ಹುದ್ದೆ ನೋಡಬೇಡಿ, ಪ್ರಾಣಾಪಾಯದಲ್ಲಿರುವವನನ್ನು ಮೊದಲು ನೋಡಿ ಎಂಬ ನಿಯಮವನ್ನು ರಣರಂಗಕ್ಕೆ ತಂದ. ಇವತ್ತು ಬಹಳ ಕಡೆ ಬಳಸುವ ಸ್ಟಾರ್ಟ್ ಎಂಬ ಕ್ರಮ 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅಗ್ನಿಶಾಮಕ ದಳದವರೂ ಆಸ್ಪತ್ರೆಯವರೂ ಸೇರಿ ರೂಪಿಸಿದ್ದು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಗುರುತಿಗೆ ಒಬ್ಬೊಬ್ಬರಿಗೂ ಒಂದು ಬಣ್ಣದ ಪಟ್ಟಿ. ನಡೆಯುವವರಿಗೆ ಹಸಿರು. ಮಲಗಿರುವವರಲ್ಲಿ ನೋಡಬೇಕಾದ್ದು ಮೂರು. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿಯೇ? ಮಣಿಕಟ್ಟಿನ ನಾಡಿ ಸಿಗುತ್ತಿಲ್ಲವೇ? "ನನ್ನ ಕೈ ಒತ್ತಿ" ಅಂದರೆ ಒತ್ತುತ್ತಿಲ್ಲವೇ? ಇವುಗಳಲ್ಲಿ ಯಾವುದೇ ಒಂದಕ್ಕೆ ಹೌದು ಅನ್ನಿಸಿದರೂ ಕೆಂಪು, ಮೊದಲು ಸಾಗಿಸಬೇಕಾದವರು. ಒಂದೂ ಇಲ್ಲದಿದ್ದರೆ ಹಳದಿ, ಸ್ವಲ್ಪ ಕಾಯಬಲ್ಲರು.

ಉಸಿರೇ ಇಲ್ಲದವರ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ. ಉಸಿರು ಬಂದರೆ ಅವರೂ ಕೆಂಪು. ಬಾರದಿದ್ದರೆ ಕಪ್ಪು ಪಟ್ಟಿ, ಮುಂದಿನವರ ಬಳಿಗೆ ಹೋಗಬೇಕು. ಇದನ್ನು ಹೇಳಲು ನನಗೂ ಕಷ್ಟ, ಕೇಳಲು ನಿಮಗೂ ಕಷ್ಟ. ಒಬ್ಬರೇ ಬಿದ್ದಿದ್ದರೆ ಎದೆ ಒತ್ತುತ್ತಲೇ ಇರಿ ಎಂದು ನಾನೇ ಹೇಳುತ್ತೇನೆ. ಇಪ್ಪತ್ತು ಮಂದಿ ಬಿದ್ದಿದ್ದು ಕೈಗಳು ಎರಡೇ ಇರುವಾಗ, ನೀವು ಅಲ್ಲೇ ಕೂತರೆ ಬದುಕಬಲ್ಲ ಇನ್ನೊಬ್ಬರು ಉಸಿರುಗಟ್ಟುತ್ತಾರೆ.

ಈ ಸುತ್ತಿನಲ್ಲಿ ಚಿಕಿತ್ಸೆ ಎಂದರೆ ಎರಡೇ. ಗಲ್ಲ ಎತ್ತಿ ಉಸಿರಿನ ದಾರಿ ಬಿಡಿಸುವುದು, ಚಿಮ್ಮುವ ರಕ್ತ ನಿಲ್ಲಿಸುವುದು. ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ. ಒತ್ತುವ ಕೆಲಸವನ್ನು ಹಸಿರಿನವರಲ್ಲಿ ಒಬ್ಬರಿಗೆ ವಹಿಸಿ, ನೀವು ಮುಂದೆ ಹೋಗಿ. ದಯವಿಟ್ಟು ಫೋನು ಎತ್ತಿ ಚಿತ್ರ ತೆಗೆಯುತ್ತ ನಿಲ್ಲಬೇಡಿ. ಆ ಕೈಗೆ ಮಾಡಲು ಕೆಲಸವಿದೆ.

ಸಮಯ ಕಡಿಮೆಯಿದೆ, ಸಾಗಿಸುವ ವಿಷಯಕ್ಕೆ ಬರುತ್ತೇನೆ. 2004ರ ಮಾರ್ಚ್ 11ರ ಬೆಳಿಗ್ಗೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಾಲ್ಕು ರೈಲುಗಳಲ್ಲಿ 10 ಬಾಂಬುಗಳು ಸಿಡಿದವು. ಹತ್ತಿರದ ದೊಡ್ಡ ಆಸ್ಪತ್ರೆಯೊಂದಕ್ಕೇ 312 ಮಂದಿ ಬಂದರು. ಅವರಲ್ಲಿ ದಾಖಲಾಗಬೇಕಾದವರು 91 ಮಂದಿ. ಉಳಿದವರ ನೋವು ಸುಳ್ಳಲ್ಲ. ಆದರೂ ಅಷ್ಟು ಜನ ಒಂದೇ ಬಾಗಿಲಲ್ಲಿ ತುಂಬಿದರೆ, ಒಳಗಿರುವ ವೈದ್ಯರಿಗೆ ಕೆಂಪು ಪಟ್ಟಿಯವರು ಕಣ್ಣಿಗೆ ಬೀಳುವುದೇ ತಡವಾಗುತ್ತದೆ. ಸಿಕ್ಕ ವಾಹನಕ್ಕೆ ಸಿಕ್ಕವರನ್ನು ತುಂಬಿ ಹತ್ತಿರದ ಆಸ್ಪತ್ರೆಗೆ ಧಾವಿಸಬೇಡಿ. ಸಿಬ್ಬಂದಿ ಬಂದ ಮೇಲೆ ಯಾರು ಮೊದಲು, ಯಾರು ಎಲ್ಲಿಗೆ ಎಂಬುದನ್ನು ಅವರು ಹೇಳಲಿ. ಆಂಬುಲೆನ್ಸ್ ಒಳಬರಲೂ ಹೊರಹೋಗಲೂ ದಾರಿ ಬಿಡಿಸಿ ನಿಲ್ಲುವುದು ಎಷ್ಟು ದೊಡ್ಡ ಉಪಕಾರ ಎಂದು ನಿಮಗೆ ಗೊತ್ತಿಲ್ಲ.

ತುರ್ತು ಸಂಖ್ಯೆಗೆ ಕರೆ ಮಾಡಿದಾಗ "ಬೇಗ ಬನ್ನಿ" ಅಂದರೆ ಸಾಲದು. ಜಾಗ ಎಲ್ಲಿ, ಏನಾಗಿದೆ, ಬೆಂಕಿ, ವಿದ್ಯುತ್ ತಂತಿ ಅಥವಾ ಅನಿಲದ ವಾಸನೆ ಇದೆಯೇ, ಸುಮಾರು ಎಷ್ಟು ಮಂದಿ ಬಿದ್ದಿದ್ದಾರೆ, ಅವರಲ್ಲಿ ಮಾತಾಡದವರು ಎಷ್ಟು, ಇಷ್ಟು ಹೇಳಿ. ಎಲ್ಲರನ್ನೂ ಒಮ್ಮೆ ನೋಡಿದ್ದರೆ ಮಾತ್ರ ಆ ಕೊನೆಯ ಸಂಖ್ಯೆ ನಿಮ್ಮ ಬಾಯಲ್ಲಿ ಬರುತ್ತದೆ. ಎಷ್ಟು ಆಂಬುಲೆನ್ಸ್ ಕಳಿಸಬೇಕು, ಎಷ್ಟು ಆಸ್ಪತ್ರೆಗಳನ್ನು ಎಚ್ಚರಿಸಬೇಕು ಎಂದು ಆ ಕಡೆಯವರು ತೀರ್ಮಾನಿಸುವುದು ಅದರ ಮೇಲೆಯೇ. ಕರೆ ಮುಗಿದ ಮೇಲೆ ಗೋಡೆಯ ಹತ್ತಿರ ಕೂರಿಸಿದ ಹಸಿರಿನವರ ಬಳಿಗೂ ಹೋಗಿ ಬನ್ನಿ. ಆಗ ಮಾತಾಡುತ್ತಿದ್ದವರಲ್ಲಿ ಯಾರಾದರೂ ಈಗ ಮಾತು ನಿಲ್ಲಿಸಿದ್ದರೆ, ಅವರನ್ನು ಕೆಂಪಿಗೆ ಸೇರಿಸಿ.

ನಮಸ್ಕಾರ.